ಕಾರು ಹಿಂದಕ್ಕೆ ಬಂದಾಗ ಕೇಳುವ ಹಾಡು

ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಮುಂಜಾನೆ ಸಾಬಣ್ಣ ಮಾಸ್ತರರಿಗೆ ಅವರದೇ ಹಾಡು ಬಂದು ಗುದ್ದಿತು. ಇದು ಮಾತಿನ ಚಂದಕ್ಕೆ ಹೇಳಿದ್ದಲ್ಲ. ಹಾಡು ಒಂದು ಬಿಳಿ ವ್ಯಾನಿನ ಒಳಗಿತ್ತು, ವ್ಯಾನು ಹಿಂದಕ್ಕೆ ಬರುತ್ತಿತ್ತು, ಮಾಸ್ತರರು ಕೊತ್ತಂಬರಿ ಸಿವುಡು ಹಿಡಿದು ಅದರ ಹಿಂದೆ ನಿಂತಿದ್ದರು. ಆಗ ಹೈದರಾಬಾದಿನಲ್ಲಿ ಕಂಪ್ಯೂಟರ್ ಕಂಪನಿಗಳು ನಾಯಿಕೊಡೆಯ ಹಾಗೆ ಎದ್ದ ಕಾಲ. ಸಾಲ ತೆಗೆದು ಕಾರು ಕೊಂಡವರೆಲ್ಲ ಅದಕ್ಕೊಂದು ಹಾಡುವ ಹಾರ್ನು ಹಾಕಿಸುತ್ತಿದ್ದರು. ಗಾಡಿಗೆ ರಿವರ್ಸ್ ಗೇರು ಹಾಕಿದರೆ ಸಾಕು, ಹಿಂದಿನ ಜನ ಸರಿಯಲಿ ಎಂದು ಕೀಂಯ್ ಕೀಂಯ್ ಎಂದು ಯಾವುದೋ ರಾಗ ಶುರುವಾಗುತ್ತಿತ್ತು. ಆವತ್ತೂ ಉಳಿದವರೆಲ್ಲ ಸರಿದರು. ಮಾಸ್ತರರು ಮಾತ್ರ ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ನಿಂತಲ್ಲೇ ನಿಂತರು. ವ್ಯಾನು ಬಂದು ಅವರನ್ನು ಮೆತ್ತಗೆ ಬಾಳೆಹಣ್ಣಿನ ಬಂಡಿಯ ಮೇಲೆ ಕೂಡಿಸಿತು.

"ಬಡೇ ಮಿಯಾಂ, ಹಾರ್ನ್ ಸುನಾಯಿ ನೈ ದಿಯಾ ಕ್ಯಾ?" ಎಂದು ಡ್ರೈವರ್ ಇಳಿದು ಬಂದ.

"ಸುನಾ ನಾ. ವೋ ಗಾನಾ ಮೈಚ್ ಬನಾಯಾ," ಎಂದರು ಮಾಸ್ತರರು ಬಂಡಿಯ ಮೇಲಿಂದಲೇ. ಕೇಳಿಸಿತು, ಆ ಹಾಡು ಕಟ್ಟಿದವನೇ ನಾನು ಎಂದು ಅದರ ಅರ್ಥ. ಡ್ರೈವರ್ ಬಾಳೆಹಣ್ಣಿನವನ ಮುಖ ನೋಡಿದ, ಬಾಳೆಹಣ್ಣಿನವ ಡ್ರೈವರನ ಮುಖ ನೋಡಿದ. ತಲೆಗೇ ಪೆಟ್ಟು ಬಿದ್ದಿದೆ ಎಂದು ಇಬ್ಬರೂ ಕೂಡಿ ಅವರಿಗೆ ನೀರು ಕುಡಿಸಿದರು.

ಆದರೆ ಮಾಸ್ತರರು ಹೇಳಿದ್ದು ಖರೆ.

ಸಾಬಣ್ಣ ಯಾದಗಿರಿ ಕಡೆಯವರು. ನಾಟಕ ಕಂಪನಿಯ ಹಾರ್ಮೋನಿಯಂ ಬಾರಿಸುತ್ತ ಹೈದರಾಬಾದಿಗೆ ಬಂದರು. ಕಂಪನಿ ಇಲ್ಲಿಯೇ ಮುಳುಗಿತು. ಮಾಲೀಕ ಪರದೆಗಳನ್ನು ಮಾರಿಕೊಂಡು ಮಾಯವಾದ, ಸಾಬಣ್ಣ ಪೆಟ್ಟಿಗೆಯ ಜೊತೆ ಉಳಿದರು. ಹೆಂಡತಿ ಹುಸೇನಮ್ಮ. ಇಬ್ಬರೂ ಹೆತ್ತವರು ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವರು, ಅದಕ್ಕೇ ಆ ಹೆಸರು. ಈ ಊರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಹೆಸರು ಕೇಳಿ ಹಿಂದೂಗಳು ಬಾಗಿಲು ಹಾಕಿದರು, ಹಣೆಯ ವಿಭೂತಿ ನೋಡಿ ಮುಸಲ್ಮಾನರು ತಲೆ ಕೆರೆದುಕೊಂಡರು. ಕಡೆಗೆ ಮೆಹದಿಪಟ್ಟಣಂ ಗಲ್ಲಿಯಲ್ಲಿ ಕಣ್ಣೂ ಕಿವಿಯೂ ಮಂದವಾಗಿದ್ದ ಒಬ್ಬ ಮುದುಕಿ ಮನೆ ಕೊಟ್ಟಳು.

ಮಾಸ್ತರರು ತಾರ್ನಾಕದಲ್ಲಿ ಮಕ್ಕಳಿಗೆ ಸರಳೆ ಹೇಳಿಕೊಡುತ್ತ ದಿನ ನೂಕುತ್ತಿದ್ದಾಗ ಶಹಾಬಾದ್ ಕಲ್ಲಿನ ವ್ಯಾಪಾರಿ ಶಿವಶರಣಪ್ಪ ಸಾಹುಕಾರರಿಗೆ ಕನ್ನಡ ಸಿನಿಮಾ ತೆಗೆಯುವ ಹುಚ್ಚು ಹಿಡಿಯಿತು. ಸಾಹುಕಾರರು ಹಾರ್ಮೋನಿಯಂ ಕೊಳ್ಳುವವರ ಹಾಗೆ ಮಾಸ್ತರರನ್ನು ಸುತ್ತ ತಿರುಗಿ ನೋಡಿ, "ನಿಮಗ ಕನ್ನಡ ಬರ್ತೈತಿ, ಬಾರಿಸಾಕ ಬರ್ತೈತಿ. ಸಂಗೀತ ನಿರ್ದೇಶಕಂದ್ರ ಇನ್ನೇನು, ಕೋಡು ಇರಬೇಕೇನು?" ಎಂದರು. ಹೀಗೆ ಸಾಬಣ್ಣ 'ಸೀಮೆ ದಾಟಿದ ಸೊಸೆ' ಎಂಬ ಚಿತ್ರದ ಸಂಗೀತ ನಿರ್ದೇಶಕರಾದರು. ಅದೇ ಮೊದಲು, ಅದೇ ಕಡೆ.

ಅದರಲ್ಲಿ ಒಂದು ಹಾಡು ಮಾಸ್ತರರು ಜೀವ ಹಿಂಡಿ ಕಟ್ಟಿದ್ದು. ನಾಯಕ ರೈಲು ಹತ್ತಿ ಹೊರಟಾಗ ನಾಯಕಿ ಹಾಡುವುದು: "ಮುಂದ ಹೋಗೋ, ಮುಂದ ಹೋಗೋ, ತಿರುಗಿ ನೋಡಬ್ಯಾಡೋ." ಪಲ್ಲವಿ ಸಾದಾ. ಮಾಸ್ತರರ ಪ್ರಾಣ ಇದ್ದದ್ದು ಚರಣದಲ್ಲಿ. "ಪಲ್ಲವಿ ಯಾವನರೆ ಮಾಡತಾನ. ಗಂಡಸು ಅಂಬೋದು ಚರಣದಾಗ ಗೊತ್ತಾಗತೈತಿ," ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ರೆಕಾರ್ಡಿಂಗ್ ದಿವಸ ಚರಣದ ನಡುವೆ ತಬಲಾದವನಿಗೆ ಕೆಮ್ಮು ಬಂತು. ಕೆಮ್ಮು ನಿಲ್ಲುವ ತನಕ ಮಾಸ್ತರರು ಕೊಳಲಿನವನಿಗೆ ಕಣ್ಣು ಬಿಟ್ಟು ಒಂದೇ ಸ್ವರವನ್ನು ಎಳೆಸಿದರು. ತಾಳ ತಪ್ಪಿತು, ಆದರೆ ಆ ಎಳೆತ ಕೇಳಿ ಸ್ಟುಡಿಯೋದವರ ಮೈ ಜುಮ್ಮೆಂದಿತು. ಇರಲಿ ಬಿಡಿ ಎಂದು ಹಾಗೆಯೇ ಬಿಟ್ಟರು.

ಆ ಚರಣವನ್ನು ಮುಂದೆ ಯಾರೂ ಕೇಳಲಿಲ್ಲ. ಸಿನಿಮಾ ಹಾಕಿದ್ದ ಒಂದೇ ಒಂದು ಟಾಕೀಸಿನ ಆಪರೇಟರನಿಗೆ ಕಡೆಯ ಬಸ್ಸು ತಪ್ಪುತ್ತಿತ್ತಂತೆ, ಪಲ್ಲವಿ ಮುಗಿದೊಡನೆ ರೀಲು ಹಾರಿಸುತ್ತಿದ್ದ. ರೇಡಿಯೋದವರು ಒಮ್ಮೆ ಹಾಕಿದರು. ಚರಣ ಶುರುವಾಗುವುದಕ್ಕೂ ಪೇಟೆ ಧಾರಣೆಯ ಹೊತ್ತಾಗುವುದಕ್ಕೂ ಸರಿಹೋಗಿ, ಕೊಳಲು ಬರುವ ಕಡೆ ತೊಗರಿಬೇಳೆ ಬಂತು. ಮನೆಯಲ್ಲಿ ಹಾಡಿದರೆ ಹುಸೇನಮ್ಮ ಪಲ್ಲವಿಗೆ ತಲೆದೂಗಿ ಚರಣದ ಹೊತ್ತಿಗೆ "ಒಲಿ ಮ್ಯಾಲ ಹಾಲೈತ್ರಿ" ಎಂದು ಎದ್ದು ಹೋಗುತ್ತಿದ್ದಳು. ಹಾಲಿಲ್ಲದ ದಿವಸವೂ ಹೋಗುತ್ತಿದ್ದಳು. ಸಾಹುಕಾರರು ಮನಸ್ಸು ಮುರಿದು ಡಬ್ಬಿ, ಟೇಪು ಎಲ್ಲವನ್ನೂ ಗುಜರಿಗೆ ಹಾಕಿದರು. ಅಲ್ಲಿಂದ ಆ ಹಾಡು ಯಾರ ಕೈ ಸೇರಿತೋ, ಹೇಗೆ ಹಾರ್ನಿನೊಳಗೆ ಹೊಕ್ಕಿತೋ ದೇವರಿಗೇ ಗೊತ್ತು.

ಬಾಳೆಹಣ್ಣಿನ ಬಂಡಿಯಿಂದ ಇಳಿದ ಮಾಸ್ತರರು ನೆಟ್ಟಗೆ ಸುಲ್ತಾನ್ ಬಜಾರಿನ ಹಾರ್ನ್ ಅಂಗಡಿಗೆ ಹೋದರು. ಅಂಗಡಿಯ ಮೋಹನ ಬೀದರ ಕಡೆಯವನು.

"ಇದರಾಗ ಬರೇ ಪಲ್ಲವಿ ಐತೋ, ಚರಣಾನೂ ಐತೋ?"

"ಪೂರಾ ಹಾಡು ಅದರಿ. ಆದ್ರ ಅಷ್ಟು ದೂರ ಹಿಂದಕ್ಕ ಯಾರು ಹೋಗ್ತಾರ?"

ಈ ಮಾತು ಮಾಸ್ತರರ ತಲೆಯಲ್ಲಿ ಗೂಟ ಹೊಡೆದು ಕೂತಿತು. ಊರ ತುಂಬ ಸಾವಿರಾರು ಗಾಡಿ. ಎಲ್ಲವುಗಳ ಹೊಟ್ಟೆಯಲ್ಲೂ ಚರಣವಿದೆ. ಒಂದಾದರೂ ಅಷ್ಟು ಹಿಂದಕ್ಕೆ ಬಂದರೆ ಜನರ ಕಿವಿಗೆ ಬಿದ್ದೀತು.

ಅದಕ್ಕೇ ಅವರು ಅರವತ್ತು ದಾಟಿದ ಮೇಲೆ ಮಾಧಾಪುರದ ಒಂದು ಕಂಪನಿಯ ಪಾರ್ಕಿಂಗಿನಲ್ಲಿ ಸೀಟಿ ಊದುವ ಕೆಲಸಕ್ಕೆ ಸೇರಿದರು. ಹೊಸದಾಗಿ ಕಾರು ಕಲಿತ ಹುಡುಗ ಹುಡುಗಿಯರು ಹಿಂದಕ್ಕೂ ಮುಂದಕ್ಕೂ ಒದ್ದಾಡುತ್ತಿದ್ದರೆ ಮಾಸ್ತರರು ಕೈಬೀಸಿ, "ರಾ, ರಾ, ಇಂಕೊಂಚೆಂ ರಾ" ಎಂದು, ಇನ್ನಷ್ಟು ಬಾ ಎಂದು ತೆಲುಗಿನಲ್ಲಿ ಕರೆಯುತ್ತಿದ್ದರು. ಪಲ್ಲವಿ ಮುಗಿಯುತ್ತಿತ್ತು, ನಡುವಿನ ಬಾಜಣೆ ಶುರುವಾಗುತ್ತಿತ್ತು, ಇನ್ನೇನು ಚರಣ ಎನ್ನುವಾಗ ಗೋಡೆ ಬರುತ್ತಿತ್ತು. ಗೋಡೆ ಬಂದ ಮೇಲೂ ಮಾಸ್ತರರು ಕರೆಯುವುದನ್ನು ಬಿಡುತ್ತಿರಲಿಲ್ಲ. ನಾಲ್ಕು ಕಾರುಗಳ ಹಿಂಭಾಗ ಚಪಾತಿಯಾದ ಮೇಲೆ ಕಂಪನಿಯವರು ಕೈಮುಗಿದು ಮನೆಗೆ ಕಳಿಸಿದರು.

ಇನ್ನೂ ಒಂದು ಪೀಡೆ ಬೆನ್ನು ಹತ್ತಿತು. ಮಾಸ್ತರರು ಬಜಾರಿನಲ್ಲಿ ಗುನುಗುತ್ತ ನಡೆದರೆ ಮುಂದಿನ ಜನ ಕಾರು ಬಂತೆಂದು ಗಾಬರಿಯಾಗಿ ಪಕ್ಕಕ್ಕೆ ಜಿಗಿಯುತ್ತಿದ್ದರು. ಬಸ್ಸು ಹತ್ತುವಾಗ ಹಾಡಿದರೆ ಫುಟ್‌ಬೋರ್ಡು ಖಾಲಿ. ಹುಸೇನಮ್ಮನಿಗೆ ಮಾತ್ರ ಇದು ಹಿಡಿಸಿತ್ತು. ಜಾತ್ರೆಯಂಥ ಗದ್ದಲದಲ್ಲಿ ಸೀರೆ ಅಂಗಡಿಗೆ ಹೋಗಬೇಕಾದರೆ, "ಒಂಚೂರು ಹಾಡ್ರಿ, ದಾರಿ ಆಗಲಿ," ಎಂದು ಗಂಡನನ್ನು ಮುಂದೆ ಬಿಡುತ್ತಿದ್ದಳು.

ಇಷ್ಟಾದರೂ ಹೆಂಡತಿಯನ್ನು ಬಿಟ್ಟರೆ ಹಾಡು ಅವರದು ಎಂದು ನಂಬಿದವನು ಊರಿಗೆ ಒಬ್ಬನೇ, ಹುಸೇನಮ್ಮನ ತಮ್ಮ ಹುಲಗೇಶ. ಅವನು ಕಂಪನಿ ಹುಡುಗರನ್ನು ಕೂಡಿಸಿಕೊಂಡು ಸುಮೋ ಓಡಿಸುತ್ತಿದ್ದ. ಭಾವನ ಮೇಲಿನ ಪ್ರೀತಿಗೆ ಅದೇ ಹಾರ್ನು ಹಾಕಿಸಿಕೊಂಡಿದ್ದ. ಭಾವನನ್ನು ಅವನು ಮಾವ ಎಂದೇ ಕರೆಯುವುದು.

ಆ ವರ್ಷ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಹೈದರಾಬಾದಿನ ಕನ್ನಡ ಕಲಾವಿದರಿಗೆ ಶಾಲು ಹೊದಿಸುತ್ತಾರೆಂದು ಸುದ್ದಿಯಾಯಿತು. ಕಾರ್ಯದರ್ಶಿ ಗುರುರಾಜರು ರಾಯಚೂರಿನವರು, ಲೆಕ್ಕಪತ್ರದ ಇಲಾಖೆಯಲ್ಲಿ ಇದ್ದು ನಿವೃತ್ತರಾದವರು, ತಮ್ಮ ನೆರಳನ್ನೂ ಎರಡು ಸಲ ತಪಾಸಣೆ ಮಾಡುವ ಮನುಷ್ಯ. ಮಾಸ್ತರರು ಹೋಗಿ ಕೇಳಿ, ಸಿನಿಮಾದ ಗುರುತು ಏನೂ ಉಳಿದಿಲ್ಲ ಎಂದಾಗ ಅವರು ಹುಬ್ಬು ಗಂಟಿಕ್ಕಿ, "ಬಂದು ಹಾಡ್ರಿ, ನೋಡೋಣ," ಎಂದಷ್ಟೇ ಹೇಳಿದರು. ಮಾಸ್ತರರು ರಾತ್ರಿಯಿಡೀ ನಿದ್ದೆ ಮಾಡಲಿಲ್ಲ. ಶಾಲು ಹೋದರೆ ಹೋಗಲಿ. ಸಭೆ ಎದುರಿಗಿದೆ, ಕನ್ನಡದ ಕಿವಿಗಳಿವೆ, ಚರಣಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಈ ಜನ್ಮದಲ್ಲಿ ಬರುವುದಿಲ್ಲ ಎಂದುಕೊಂಡರು.

ಮುಂಜಾನೆ ಧ್ವಜ ಏರಿಸಿ, ಉಪ್ಪಿಟ್ಟು ತಿಂದು, ಜನ ಕೂತರು. ಮಾಸ್ತರರು ವೇದಿಕೆಯ ಮೇಲೆ ಹಾರ್ಮೋನಿಯಂ ಮುಂದೆ ಕೂತು "ಮುಂದ ಹೋಗೋ" ಎಂದರು. ಮುಂದಿನ ಸಾಲಿನವರು ಥಟ್ಟನೆ ತಿರುಗಿ ಹಿಂದೆ ನೋಡಿದರು. ಎರಡನೆಯ ಸಾಲಿನವರು ಕುರ್ಚಿ ಸರಿಸಿದರು. ಒಬ್ಬ ತಾಯಿ ಮಗುವನ್ನು ಎಳೆದು ಗೋಡೆಗೆ ಒತ್ತಿದಳು. ಪಲ್ಲವಿ ಮುಗಿಯುವ ಹೊತ್ತಿಗೆ ಸಭೆಯ ನಡುವೆ ಸುಮೋ ಹೋಗುವಷ್ಟು ದಾರಿ ಬಿದ್ದಿತ್ತು. ಆಮೇಲೆ ನಗೆ ಎದ್ದಿತು.

ಗುರುರಾಜರು ಮೈಕು ಹಿಡಿದು, "ಮಾಸ್ತರ್, ರಾಜ್ಯೋತ್ಸವದ ದಿನ ಹಿಂಗ ಚಾಷ್ಟಿ ಮಾಡಬಾರದ್ರಿ. ಇದು ಕಾರಿನ ಹಾಡದ. ನಮ್ಮ ಅಳಿಯನ ಕಾರಿನೊಳಗೂ ಅದ," ಎಂದರು.

ಮಾಸ್ತರರು ಸಿಟ್ಟಿನಿಂದ ಎದ್ದು ನಿಂತರು. "ನಿಮ್ಮ ಅಳಿಯ ಪಲ್ಲವಿ ತನಕ ಬಂದಾನರಿ. ಚರಣದ ತನಕ ಯಾವ ಅಳಿಯನೂ ಬಂದಿಲ್ಲ. ಚರಣ ನಾ ಈಗ ಹಾಡತೀನಿ. ಕೊಳಲು ಎಲ್ಲಿ ಎಳೀತೈತಿ ಅಂತ ಕೇಳಿ ಇಟಗೋರಿ. ಆಮ್ಯಾಲ ಗಾಡಿ ಹಾಡಲಿ. ಎರಡೂ ಒಂದ ಆಗಲಿಲ್ಲಂದ್ರ ನಾ ಈ ಊರಾಗ ಬಾಯಿ ತೆಗಿಯೂದಿಲ್ಲ."

ಲೆಕ್ಕ ತಾಳೆ ನೋಡುವ ಮಾತು ಕಿವಿಗೆ ಬಿದ್ದೊಡನೆ ಗುರುರಾಜರ ಮುಖ ಅರಳಿತು. ಮಾಸ್ತರರು ಚರಣ ಹಾಡಿದರು. ದಮ್ಮಿನ ಗಂಟಲು, ಸ್ವರ ಅರ್ಧ ಬಂತು, ಅರ್ಧ ಗಾಳಿ ಬಂತು. ಎಳೆತದ ಕಡೆ ಮಾತ್ರ ಬೆರಳೆತ್ತಿ, "ಇಲ್ಲಿ ನೋಡ್ರಿ, ಇಲ್ಲಿ ತಪ್ಪೈತಿ," ಎಂದು ತೋರಿಸಿದರು. ತನ್ನ ತಪ್ಪನ್ನು ಇಷ್ಟು ಹೆಮ್ಮೆಯಿಂದ ತೋರಿಸಿದ ಮನುಷ್ಯನನ್ನು ಗುರುರಾಜರು ನೌಕರಿಯ ಕಾಲದಲ್ಲೂ ಕಂಡಿರಲಿಲ್ಲ.

ಸಭೆಯೆಲ್ಲ ಎದ್ದು ಗಲ್ಲಿಗೆ ಬಂತು. ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಅಲ್ಲಿ ನಿಂತಿದ್ದ ಹುಲಗೇಶನ ಸುಮೋದ ಹಿಂದಿನ ಸೀಟಿನಲ್ಲಿ, ಹಿಂಬದಿಯ ಗಾಜಿಗೆ ಮುಖ ಮಾಡಿ ಮಾಸ್ತರರು ಕೂತರು, ಪಕ್ಕಕ್ಕೆ ಹುಸೇನಮ್ಮ. ಹುಲಗೇಶ ಏನೋ ಹೇಳಲು ಬಾಯಿ ತೆರೆದವನು ಭಾವನ ಮುಖ ನೋಡಿ ಸ್ಟೇರಿಂಗ್ ಹಿಡಿದ. ರಿವರ್ಸ್ ಹಾಕಿದ. ಹಾಡು ಶುರುವಾಯಿತು.

ಹತ್ತು ಮಾರು ಹೋಗುವುದರೊಳಗೆ ಹಾಲಿನ ಸೈಕಲ್ ಅಡ್ಡ ಬಂತು. ಹುಲಗೇಶ ಗೇರು ತೆಗೆದು ಸ್ವಲ್ಪ ಮುಂದಕ್ಕೆ ಸರಿದ. ಹಾಡು ಸತ್ತಿತು. ಮತ್ತೆ ರಿವರ್ಸ್ ಹಾಕಿದರೆ ಮತ್ತೆ ಪಲ್ಲವಿಯಿಂದಲೇ.

"ಹಿಂಗಾದ್ರ ಚರಣ ನಮ್ಮ ತಿಥಿಗೇ ಬರೂದು," ಎಂದಳು ಹುಸೇನಮ್ಮ.

ಗುರುರಾಜರು ಕಚ್ಚೆ ಎತ್ತಿ ಕಟ್ಟಿ ತಾವೇ ಗಾಡಿಯ ಹಿಂದೆ ನಿಂತರು. "ಬರಲಿ, ಬರಲಿ, ಬರಲಿ," ಎಂದು ಕೈಬೀಸುತ್ತ ತಾವೂ ಹಿಂದ ಹಿಂದಕ್ಕೆ ಹೆಜ್ಜೆ ಹಾಕಿದರು. ಅವರ ಜೊತೆ ಬಾವುಟ ಹಿಡಿದವರೂ ಹಿಂದಕ್ಕೆ ನಡೆದರು. ಹೂವಿನವರು, ಚಹಾದವರು, ಕಸ ಗುಡಿಸುವವರು ಏನು ಮೆರವಣಿಗೆ ಎಂದು ಕೇಳದೆಯೇ ಸೇರಿಕೊಂಡರು. ಗಲ್ಲಿ ಮುಗಿಯಿತು, ಗಾಡಿ ದೊಡ್ಡ ರಸ್ತೆಗೆ ಇಳಿಯಿತು. ಸಿಟಿ ಬಸ್ಸೊಂದು ಹಾದಿ ಬಿಟ್ಟು ನಿಂತಿತು. ಟ್ರಾಫಿಕ್ ಪೊಲೀಸ ಓಡಿ ಬಂದವನು, ಇಷ್ಟು ದೊಡ್ಡ ಬಾವುಟ, ಇಷ್ಟು ಮಂದಿ ಹಿರಿಯರು ಹಿಂದಕ್ಕೆ ನಡೆಯುವುದನ್ನು ನೋಡಿ, ಇದು ಯಾವುದೋ ಕರ್ನಾಟಕದ ಪದ್ಧತಿ ಇರಬೇಕೆಂದು ಸೆಲ್ಯೂಟ್ ಹೊಡೆದ. ಎಲ್ಲರಿಗೂ ದಾರಿ ಬೆನ್ನ ಹಿಂದಿತ್ತು. ಗಾಜಿಗೆ ಮೂಗು ಒತ್ತಿದ್ದ ಮಾಸ್ತರರೊಬ್ಬರಿಗೇ ಅದು ಕಣ್ಣ ಮುಂದಿತ್ತು.

ಪಲ್ಲವಿ ಮುಗಿಯಿತು. ಬಾಜಣೆ ಮುಗಿಯಿತು. ಗೋಡೆ ಬರಲಿಲ್ಲ. ಚರಣ ಬಂತು.

ಕೀಂಯ್ ಕೀಂಯ್ ದನಿಯೇ, ಇಲ್ಲ ಎನ್ನುವುದಿಲ್ಲ. ಆದರೂ ಅದು ಮೇಲಕ್ಕೆ ಏರಿ, ಹೊರಳಿ, ಆ ಒಂದು ಸ್ವರಕ್ಕೆ ಬಂದು ನಿಂತಿತು. ಹಾರ್ನು ಮಾಡಿದ ಪುಣ್ಯಾತ್ಮ ತಪ್ಪನ್ನೂ ಬಿಡದೆ ತುಂಬಿದ್ದ. ಸ್ವರ ಎಳೆಯಿತು, ಇನ್ನೂ ಎಳೆಯಿತು. ಇಪ್ಪತ್ತು ವರ್ಷದ ಹಿಂದಿನ ಕೆಮ್ಮು ನಿಲ್ಲುವಷ್ಟು ಹೊತ್ತು ಎಳೆಯಿತು. "ಬರಲಿ, ಬರಲಿ" ಎನ್ನುತ್ತಿದ್ದ ಗುರುರಾಜರ ಬಾಯಿ ತೆರೆದಂತೆಯೇ ನಿಂತಿತು. ನಿಂತ ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಕಂಡವು. ಬಾವುಟ ಹಿಡಿದವನು ಕಣ್ಣು ಒರೆಸಿಕೊಂಡ. ಧೂಳು ಬಿತ್ತು ಎಂದ.

"ಇಷ್ಟ ಚಂದ ಕಟ್ಟಿದ್ದರ ಮೊದಲ ಯಾಕ ಹೇಳಲಿಲ್ಲರಿ," ಎಂದಳು ಹುಸೇನಮ್ಮ.

"ಹೇಳಾಕ ಬಂದಾಗೆಲ್ಲ ನಿನ್ನ ಹಾಲು ಉಕ್ಕತಿತ್ತಲ್ಲ," ಎಂದರು ಮಾಸ್ತರರು.

ಗಾಡಿ ನಿಂತಿತು. ಗುರುರಾಜರು ಏದುಸಿರು ಬಿಡುತ್ತ ಬಂದು, ಹಿಂದಿನ ಬಾಗಿಲು ತೆಗೆದು, ನಡುರಸ್ತೆಯಲ್ಲಿಯೇ ಮಾಸ್ತರರಿಗೆ ಶಾಲು ಹೊದಿಸಿದರು. "ತಾಳೆ ಆತ್ರಿ. ತಪ್ಪು ಸಹಿತ ತಾಳೆ ಆತು," ಎಂದರು.

ಆಗ ಅವರಿಗೆ ಒಂದು ಅನುಮಾನ ಬಂತು. ಗಾಡಿ ನಿಂತಿತ್ತು, ಆದರೆ ಹಾಡು ನಿಂತಿರಲಿಲ್ಲ. "ಏನಪಾ ಹುಲಗೇಶ, ಗಾಡಿ ನಡೀವಲ್ದು, ಹಾಡು ಹೆಂಗ ನಡದದ?"

ಹುಲಗೇಶ ಸ್ಟೇರಿಂಗಿನ ಕಡೆ ನೋಡುತ್ತ ಹೇಳಿದ: "ಹಾಡು ಗೇರಿಗೆ ಹಚ್ಚಿದ್ದರಿ, ಗಾಲಿಗಲ್ಲ. ಕ್ಲಚ್ ಒತ್ತಿ ಗೇರು ಹಾಕಿ ನಿಂತರೂ ಪೂರಾ ಹಾಡತೈತಿ."

ಗುರುರಾಜರು ತಿರುಗಿ, ಬಂದ ದಾರಿಯನ್ನು ಗಲ್ಲಿಯ ತನಕ ಕಣ್ಣಿನಲ್ಲೇ ಅಳೆದರು.

"ಅಂದ್ರ ಸಂಘದ ಗೇಟಿನಾಗ ನಿಂತ ಕೇಳಬಹುದಿತ್ತು," ಎಂದರು ಗುರುರಾಜರು ನಿಧಾನಕ್ಕೆ.

"ಕೇಳಬಹುದಿತ್ತರಿ. ನನಗ ಮೊದಲಿಂದ ಗೊತ್ತಿತ್ತು. ಆದ್ರ ನಿಂತಲ್ಲೇ ಹಾಡಿದ್ರ ನೀವು ಉಪ್ಪಿಟ್ಟು ತಿಂದ ಕೈ ತೊಳಕೊಂಡು ಮನಿಗೆ ಹೋಗತಿದ್ರಿ. ನಮ್ಮ ಮಾವನ ಹಿಂದ ಇಷ್ಟು ಮಂದಿ ಯಾರು ಬರತಿದ್ದರು?"

ಮಾಸ್ತರರು ಮೈದುನನ ಬೆನ್ನನ್ನು ಒಮ್ಮೆ ನೋಡಿದರು. ಪಾರ್ಕಿಂಗಿನ ಗೋಡೆ, ಚಪಾತಿಯಾದ ನಾಲ್ಕು ಕಾರು, ಬಾಳೆಹಣ್ಣಿನ ಬಂಡಿ, ಎಲ್ಲ ಕಣ್ಣ ಮುಂದೆ ಹಾದುಹೋದವು. ಬೈಯಬೇಕೆಂದು ಬಾಯಿ ತೆರೆದವರು ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡರು. ಹಾಡು ಚರಣ ಮುಗಿಸಿ ಮತ್ತೆ ಪಲ್ಲವಿಗೆ ಬಂದಿತ್ತು.

"ಮಾವ, ಇನ್ನ ಮುಂದ ಹೋಗೂಣೇನ್ರಿ?" ಎಂದ ಹುಲಗೇಶ, ಗೇರಿನ ಮೇಲೆ ಕೈಯಿಟ್ಟು.

"ಗೇರು ಮುಟ್ಟಬ್ಯಾಡ," ಎಂದರು ಮಾಸ್ತರರು. "ಹಿಂದಕ್ಕ ನಡಿ. ಎರಡನೇ ಚರಣ ಇನ್ನೂ ಐತಿ."

ಗುರುರಾಜರು ಮತ್ತೆ ಕಚ್ಚೆ ಬಿಗಿದು ಗಾಡಿಯ ಹಿಂದೆ ಹೋಗಿ ನಿಂತರು.