ಅವ್ವ ಮತ್ತೆ ಕೈ ಎತ್ತಿದ್ದು

ತಪ್ಪು ನನ್ನದೇ. ಮೊದಲೇ ಒಪ್ಪಿಬಿಡುತ್ತೇನೆ. ಊರಿನವರೆಲ್ಲರ ದನಿ ಅಣಕಿಸುವವನು ನಾನು. ಈ ಕತೆಯನ್ನು ಬೇರೆಯವರು ನನ್ನ ದನಿ ಅಣಕಿಸಿ ಹೇಳಿದರೆ ನನಗೆ ತಡೆದುಕೊಳ್ಳಲಾಗದು, ಅದಕ್ಕೇ ನಾನೇ ಹೇಳುತ್ತಿದ್ದೇನೆ.

ಮಿರಜಿನ ಆಸ್ಪತ್ರೆಯಲ್ಲಿ ಅವ್ವನ ಹೃದಯಕ್ಕೆ ಸ್ಟೆಂಟ್ ಹಾಕಿ ಮನೆಗೆ ಕಳಿಸುವ ದಿನ ಒಂದು ಫಾರ್ಮ್ ಕೊಟ್ಟರು. ಉದ್ಯೋಗ ಎಂದಿದ್ದ ಕಡೆ ‘ಗೃಹಿಣಿ’ ಎಂದು ಬರೆದೆ. ನಮ್ಮ ಕಡೆ ಗಂಡುಮಕ್ಕಳೆಲ್ಲ ತಾಯಿಯ ಹೆಸರಿನ ಮುಂದೆ ಬರೆಯುವುದೇ ಅದನ್ನು, ಪೆನ್ನು ತಾನಾಗಿಯೇ ಬರೆಯುತ್ತದೆ. ಆದರೆ ನನ್ನವ್ವ ಮಾಲಗಾಂವದ ದ್ರಾಕ್ಷಿ ತೋಟಗಳಲ್ಲಿ ದುಡಿಯುವ ಹದಿನಾಲ್ಕು ಹೆಂಗಸರ ಟೋಳಿಯ ಮುಂದಾಳು. ಸುಗ್ಗಿಯಲ್ಲಿ ಅವಳು ಮನೆಗೆ ಬರುತ್ತಿದ್ದದ್ದು ನಿದ್ದೆ ಮಾಡಲಿಕ್ಕೆ. ರೊಟ್ಟಿ ಬಡಿಯುತ್ತಿದ್ದವನು ನಾನು. ಗೃಹಿಣಿ ಎಂದು ಬರೆಯಬೇಕಿದ್ದದ್ದು ನನ್ನ ಹೆಸರಿನ ಮುಂದೆ.

ಆಸ್ಪತ್ರೆಯವರು ಗೃಹಿಣಿಗೆ ತಕ್ಕ ವ್ಯಾಯಾಮವನ್ನೇ ಕೊಟ್ಟರು: ದಿನಕ್ಕೆರಡು ಸಲ ನಡಿಗೆ. ಎದೆಗೆ ಕಟ್ಟಿಕೊಳ್ಳಲು ಒಂದು ಪಟ್ಟಿ. ಅದು ಬಡಿತ ಎಣಿಸಿ ಫೋನಿಗೆ ಕಳಿಸುತ್ತದೆ, ಫೋನು ಮಿರಜಿನಲ್ಲಿ ಕೂತ ಫಿಜಿಯೋ ಮ್ಯಾಡಮ್ಮಿಗೆ ಕಳಿಸುತ್ತದೆ. ಅವರು ವಾರಕ್ಕೊಮ್ಮೆ ಕರೆ ಮಾಡಿ ಮರಾಠಿಯಲ್ಲಿ ‘ಮಾವಶಿ, ಶ್ವಾಸ ಘ್ಯಾ’ ಎಂದು ಉಸಿರಾಟ ಹೇಳಿಕೊಡುತ್ತಿದ್ದರು. ಎರಡೇ ಕರೆಗಳಲ್ಲಿ ಆ ಜೇನಿನಂಥ ದನಿ ನನ್ನ ಗಂಟಲಿಗೆ ಬಂತು. ಒಂದು ಸಂಜೆ ಪಟ್ಟಿಯನ್ನು ನಾನೇ ಕಟ್ಟಿಕೊಂಡು ಶಾಲೆಯವರೆಗೆ ನಡೆದೆ. ಸ್ಟೆಂಟ್ ಹಾಕಿಸಿಕೊಂಡ ಅವ್ವನಿಗಿಂತ ನನ್ನ ಬಡಿತವೇ ಜಾಸ್ತಿ. ಅವ್ವ ಅದನ್ನು ಓಣಿಗೆಲ್ಲ ಹೇಳಿಕೊಂಡು ಬಂದಳು.

ಮೂರನೇ ವಾರ ಮ್ಯಾಡಮ್ ಕೇಳಿದರು: ದಿನಾ ಮಧ್ಯಾಹ್ನ ಬಡಿತ ಹಾರುತ್ತಿದೆ, ಆ ಹೊತ್ತಿಗೆ ನಡಿಗೆಯೂ ಇಲ್ಲ, ಏನು ನಡೆದಿದೆ? ಟೀವಿಯಲ್ಲಿ ಅತ್ತೆ ಸೊಸೆ ಜಗಳ ಇರಬೇಕು ಎಂದು ನಾನು ನಗಿಸಲು ನೋಡಿದೆ. ಅವರು ನಗಲಿಲ್ಲ.

ಮರುದಿನ ನಾನು ಕೆಲಸ ಮಾಡುವ ಮೊಬೈಲ್ ರಿಪೇರಿ ಅಂಗಡಿಯಿಂದ ಮಧ್ಯಾಹ್ನವೇ ಮನೆಗೆ ಬಂದೆ. ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಅವ್ವ ಕತ್ತು ಹಿಂದಕ್ಕೆ ಚೆಲ್ಲಿ ನಿಂತಿದ್ದಳು. ತಂತಿಗೆ ದಾರದ ಗೊಂಚಲುಗಳನ್ನು ಇಳಿಬಿಟ್ಟಿದ್ದಳು. ಎರಡೂ ಕೈ ತಲೆಯ ಮೇಲೆತ್ತಿ, ಸಣ್ಣ ಕತ್ತರಿಯಿಂದ ಎಳೆ ಬಿಟ್ಟು ಎಳೆ ಕತ್ತರಿಸುತ್ತಿದ್ದಳು. ತೋಟದಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ನಿಂತು, ಒತ್ತಾದ ಕಾಯಿಗಳನ್ನು ಕತ್ತರಿಸಿ ಗೊಂಚಲು ಹಗುರ ಮಾಡುವುದು ಹೀಗೆಯೇ. ದಿನವಿಡೀ ಕೈ ಕೆಳಗಿಳಿಯುವುದಿಲ್ಲ. ಅವಳ ಬಾಯಿ ತೆರೆದಿತ್ತು, ಹಣೆ ಒದ್ದೆಯಾಗಿತ್ತು.

ನನಗೆ ಹೆದರಿಕೆಯಾಯಿತು. ಹೆದರಿದಾಗ ನನಗೆ ಬರುವುದು ಒಂದೇ ವಿದ್ಯೆ. ಬಾಗಿಲ ಮರೆಯಿಂದ ಮ್ಯಾಡಮ್ ದನಿಯಲ್ಲಿ ಗದರಿದೆ. ಅವ್ವ ತಿರುಗಿದಳು, ನಗಲಿಲ್ಲ.

“ದೀಪಾವಳಿ ಆದಮ್ಯಾಲ ಟೋಳಿ ತೋಟಕ್ಕ ಇಳೀತೈತಿ. ಎಷ್ಟ ದೂರ ನಡಿ ಅಂದ್ರೂ ನಡೀತೇನಿ ಮಗಾ. ಕೈ ಎತ್ತಿದ್ರ ಹತ್ತ ಗೊನಿಗೆ ದಮ್ಮ ಹತ್ತತೈತಿ. ಕೈ ಎತ್ತಾಕ ಬರಲಿಲ್ಲಂದ್ರ ಅವರ ಮುಂದ ಏನಂತ ನಿಂದರ್ಲಿ?”

ಆ ಮಾತಿಗೆ ಅಣಕವೇ ಹೊಳೆಯಲಿಲ್ಲ. ಮ್ಯಾಡಮ್ಮಿಗೆ ಫೋನು ಹಚ್ಚಿ ಗೃಹಿಣಿಯ ಕತೆ ಒಪ್ಪಿಕೊಂಡೆ. ಸ್ವಂತ ದನಿ ಎಲ್ಲಿಟ್ಟಿದ್ದೆ ಎಂದು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಬೈದ ಬೈಗುಳದಲ್ಲಿ ಜೇನು ಇರಲಿಲ್ಲ.

ಹಿತ್ತಲ ಕೆಲಸ ಅಂದೇ ನಿಂತಿತು. ಡಾಕ್ಟರು ಅವ್ವನನ್ನು ಆಸ್ಪತ್ರೆಗೆ ಕರೆಸಿ, ಯಂತ್ರದ ತಂತಿ ಹಚ್ಚಿ, ಕೈ ಎತ್ತಿಸಿಯೇ ನೋಡಿದರು. ಆಮೇಲೆ ವ್ಯಾಯಾಮ ಬದಲಾಯಿತು. ಮೊದಲು ಬರಿಗೈ ಭುಜದವರೆಗೆ, ಮುಂದೆ ತಲೆಯವರೆಗೆ, ಕಡೆಗೆ ಕತ್ತರಿ. ಬಡಿತ ಮಿತಿ ದಾಟಿದರೆ ಫೋನು ಕೂಗುತ್ತದೆ. ಆಗ ಕೈ ಇಳಿಸಿ ಕೂರಬೇಕು. ತನ್ನ ಟೋಳಿಯವರು ತನ್ನ ಮಾತು ಕೇಳುವಂತೆ ಅವ್ವ ಆ ಕೂಗನ್ನು ಕೇಳಿದಳು. ಒಂದು ದಿನವೂ ತಪ್ಪಿಸಲಿಲ್ಲ, ಒಂದು ಎಳೆಯನ್ನೂ ಹೆಚ್ಚಿಗೆ ಕತ್ತರಿಸಲಿಲ್ಲ. ವಾರ ವಾರಕ್ಕೂ ಫೋನಿನ ಗೆರೆ ತಗ್ಗುತ್ತ ಬಂತು. ಅಷ್ಟೇ ಕೆಲಸಕ್ಕೆ ಕಡಿಮೆ ಬಡಿತ. ಒಡೆದ ಗಾಜು ಬದಲಿಸಲು ಬಂದ ಗಿರಾಕಿಗಳಿಗೆಲ್ಲ, ನನ್ನ ಫೋನಿಗೂ ಬರುತ್ತಿದ್ದ ಆ ಗೆರೆ ತೋರಿಸಿಯೇ ನಾನು ಮೊಬೈಲ್ ಬಿಚ್ಚುತ್ತಿದ್ದೆ.

ದೀಪಾವಳಿ ಮುಗಿದ ಮೇಲೆ ಡಾಕ್ಟರು ಅರ್ಧ ದಿನದ ಕೆಲಸಕ್ಕೆ ಒಪ್ಪಿದರು. ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಬಿಟ್ಟೆ, ಬಿಟ್ಟು ಹೋಗಲು ಮನಸ್ಸಾಗದೆ ಅಲ್ಲೇ ನಿಂತೆ. ತೋಟದ ಮಾಲಕ ಹೊಟ್ಟೆ ಮುಂದೆ ಮಾಡಿಕೊಂಡು ಬಂದ. ಕೆಟ್ಟವನಲ್ಲ, ಅಂಜುಬುರುಕ. ಕುರ್ಚಿ ತರಿಸಿದ್ದೇನೆ, ಕೂತು ಬರೇ ಹೇಳು, ಕೈ ಹಚ್ಚಬೇಡ ಎಂದ. ಅವ್ವ ಕುರ್ಚಿ ದಾಟಿ ಚಪ್ಪರದ ಕೆಳಗೆ ಹೋಗಿ ಕೈ ಎತ್ತಿದಳು. ಸೀರೆಯ ಮಡಿಲಲ್ಲಿದ್ದ ಫೋನು ಬಹಳ ಹೊತ್ತು ಸುಮ್ಮನಿತ್ತು. ನಾನು ಗೊನೆ ಎಣಿಸುತ್ತಿದ್ದೆ. ಹತ್ತು ಎಂದೋ ದಾಟಿತ್ತು. ನಲವತ್ತರ ಮೇಲೆ ಫೋನು ಕೂಗಿತು. ಅವಳು ಕತ್ತರಿ ಇಳಿಸಿ ಬದುವಿನ ಮೇಲೆ ಕೂತಳು. ಹದಿನಾಲ್ಕೂ ಹೆಂಗಸರು ಕತ್ತರಿ ನಿಲ್ಲಿಸಿ ಅವಳನ್ನೇ ನೋಡಿದರು.

ಮಾಲಕ ಓಡಿ ಬಂದ. ಆಗಲೇ ಕೂಗಿತಲ್ಲ, ಟೋಳಿಗೆ ಬೇರೆಯವಳನ್ನು ನೋಡುತ್ತೇನೆ ಎಂದ.

ಅವ್ವ ಉಸಿರು ಇಳಿಯುವವರೆಗೆ ಕಾದಳು. ಎದ್ದು ಮತ್ತೆ ಕೈ ಎತ್ತಿದಳು. ಗೊಂಚಲಿನಿಂದ ಕಣ್ಣು ತೆಗೆಯದೆಯೇ ಹೇಳಿದಳು:

“ನನ್ನ ಎದಿ ಯಾವಾಗ ದಣೀತೈತಿ ಅನ್ನೂದು ನನಗ ಗೊತ್ತೈತಿ, ಮಿರಜದಾಗ ಕುಂತ ಮ್ಯಾಡಮ್ಮಗೂ ಗೊತ್ತೈತಿ. ನಿಮ್ಮ ಎದಿ ಸುದ್ದಿ ಯಾರಿಗೆ ಗೊತ್ತೈತ್ರಿ ಮಾಲಕರ? ಆ ಕುರ್ಚಿ ಮ್ಯಾಲ ನೀವ ಕುಂದರ್ರಿ.”