ಎದೆ ನಡುಗಿಸುವ ಇಯರ್‌ಫೋನ್, ಅಜ್ಜಿಯ ಸಣ್ಣ ದನಿ

ಕಳೆದ ವಾರ ನನ್ನ ಮೊಮ್ಮಗ ತನ್ನ ಪಾಲಿನ ಕೆಂಪು ಬಾಳೆಹಣ್ಣನ್ನೆಲ್ಲ ಓಣಿಯ ಎಮ್ಮೆಗೆ ಹಾಕಲು ಒಪ್ಪಿಕೊಂಡ.

ಸುಳ್ಳಲ್ಲ ಮಕ್ಕಳೇ. ಆ ಹಣ್ಣೆಂದರೆ ಸಂಜುವಿಗೆ ಪ್ರಾಣ. ಅದಕ್ಕೇ ಕಮಲಾಪುರದಿಂದ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು, ಒಂದೂ ನಲುಗದ ಹಾಗೆ ತಂದಿದ್ದೆ. ಜೇವರ್ಗಿ ಕಾಲೋನಿಯಲ್ಲಿರುವ ಮಗಳ ಮನೆಗೆ ಕಾಲಿಟ್ಟವಳೇ ಕೇಳಿದೆ.

"ಸಂಜೂ, ಬಾಳೆಹಣ್ಣು ತಿಂತಿ ಏನು?"

"ಹ್ಞೂಂ ಆಯಿ."

ಕಣ್ಣು ಮೊಬೈಲಿನಿಂದ ಮೇಲೇಳಲಿಲ್ಲ. ನನಗೆ ಅನುಮಾನ ಬಂತು.

"ಎಲ್ಲಾ ಎಮ್ಮಿಗಿ ಹಾಕ್ಲೇನು?"

"ಹ್ಞೂಂ ಆಯಿ. ಹಾಕು."

ಕಿವಿಯಲ್ಲಿ ಎರಡು ಕರಿ ಗುಂಡಿ. ಇನ್ನು ನನ್ನ ಮಾತು ಎಲ್ಲಿಂದ ಒಳಗೆ ಹೋಗಬೇಕು?

ಅದೂ ಅವನಿಗೆ ಸಾಲದು. "ಇದರಾಗ ಬೇಸ್ ಇಲ್ಲ ಆಯಿ" ಎಂಬುದು ಅವನ ಗೋಳು. ಕಾಲೇಜಿನಲ್ಲಿ ಒಳ್ಳೆ ಅಂಕ ತಂದರೆ ಕೇಳಿದ್ದು ಕೊಡಿಸುತ್ತೇನೆ ಎಂದು ನಾನೇ ಬಾಯಿಬಿಟ್ಟಿದ್ದೆ. ಹುಡುಗ ತಂದುಬಿಟ್ಟ.

"ಬೇಸ್ ಅಂದ್ರ ಏನಪ್ಪಾ?"

"ಎದಿಯಾಗ ಧಂ ಅನ್ನಬೇಕು ಆಯಿ. ತಲಿ ಅಲುಗಾಡಬೇಕು!"

(ತಲೆ ಅಲುಗಾಡಿಸಲು ದುಡ್ಡು ಯಾಕೆ ಕೊಡಬೇಕು? ಅವನ ಅವ್ವ ಪುಕ್ಕಟೆ ಅಲುಗಾಡಿಸುತ್ತಾಳೆ.)

ಸರಿ, ಸೂಪರ್ ಮಾರ್ಕೆಟ್ ಪೇಟೆಯ ಒಂದು ಮೊಬೈಲ್ ಅಂಗಡಿಗೆ ಹೋದೆವು. ಅಂಗಡಿಯವರ ಎದುರು ಬಾಯಿಬಿಡಲು ನಾನು ಈಗಲೂ ನಾಚುತ್ತೇನೆ. ಬರೆಯುವುದು ಬೇರೆ. ಬರೆಯುವಾಗ ಯಾರೂ ನನ್ನ ಮುಖ ನೋಡುವುದಿಲ್ಲ.

ಅಂಗಡಿಯ ಚಾಚಾ ಮೂರು ಜೊತೆ ಇಯರ್‌ಫೋನ್ ಮುಂದಿಟ್ಟರು. ಸಂಜು ಒಂದೊಂದೇ ಕಿವಿಗೆ ತುರುಕಿ, ಆವಾಜು ಪೂರಾ ಏರಿಸಿ, ಕಣ್ಣುಮುಚ್ಚಿ ತಲೆ ಕುಣಿಸಿದ. ಆಮೇಲೆ ನನ್ನ ಕಿವಿಗೂ ಇಟ್ಟ. ವೈರಿನದರಲ್ಲಿ ಹಾಡುವವಳ ಮಾತು ಒಂದೊಂದೂ ತಿಳಿಯಿತು. ನನಗೆ ಹಿತವೆನಿಸಿತು. "ಇದರಾಗ ದಮ್ ಇಲ್ಲ" ಎಂದು ಮೊಮ್ಮಗ ಪಕ್ಕಕ್ಕಿಟ್ಟ. ಕೊರಳಿಗೆ ಹಾಕುವುದರಲ್ಲಿ ಧಂ ಧಂ ಇತ್ತು, ಹಾಡುವವಳು ಬಾವಿಯೊಳಗಿಂದ ಹಾಡುತ್ತಿದ್ದಳು. ವೈರೇ ಇಲ್ಲದ ಮೂರನೆಯದರಲ್ಲಿ ಅವಳು ಪತ್ತೆಯೇ ಇಲ್ಲ! ನನ್ನ ಇದ್ದಬದ್ದ ಹಲ್ಲೆಲ್ಲ ಅಲುಗಾಡಿದವು.

"ಇದು ದಿಲ್ ಹಿಡದು ಅಲುಗಾಡಸ್ತದ ನೋಡ್ರಿ ಅಮ್ಮಾ" ಎಂದು ಚಾಚಾ ನಕ್ಕರು. ಆಮೇಲೆ ಸಂಜುವಿನ ಹಳೆಯ ಗುಂಡಿ ನೋಡಿ, "ಬೇಟಾ, ರಬ್ಬರ್ ಕಿವಿಗಿ ಬರಾಬರ್ ಕೂಡಬೇಕು. ಸಡಲ ಇದ್ರ ಬೇಸ್ ಎಲ್ಲಾ ಹೊರಗ ಹೋಗ್ತದ. ನೀವು ಹುಡುಗರು ರಬ್ಬರ್ ಬದ್ಲಿ ಮಾಡಲ್ಲ, ಆವಾಜ್ ಏರಸ್ತೀರಿ" ಎಂದರು.

"ಆಂ?" ಎಂದ ಸಂಜು.

ಕಿವಿಯಲ್ಲಿ ಆಗ ಏನೂ ಇರಲಿಲ್ಲ. ಬಲಗಿವಿ ಮುಂದೆ ಮಾಡಿ, ಬಾಯಿ ತುಸು ತೆರೆದು, "ಆಂ?" ಆ ಭಂಗಿ ನನಗೆ ಚೆನ್ನಾಗಿ ಗೊತ್ತು.

ಅವನ ಮುತ್ಯಾ, ನನ್ನ ಯಜಮಾನರು, ಕಮಲಾಪುರದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಬೆಳಗಿನಿಂದ ಸಂಜೆಯ ತನಕ ಎಂಜಿನ್ ಪಕ್ಕ ನಿಂತ ಮನುಷ್ಯ. ಅದರ ಧಂ ಧಂಗೆ ಗೋಡೆಯ ಮೇಲಿನ ಹಿಟ್ಟು ಉದುರುತ್ತಿತ್ತು. (ಇವತ್ತು ಆ ಧಂ ಧಂ ಸದ್ದನ್ನೇ ಡಬ್ಬಿಯಲ್ಲಿ ಹಾಕಿ ಮಾರುತ್ತಾರೆ!) ಮೊದಲು ಎಡಗಿವಿ ಹೋಯಿತು, ಆಮೇಲೆ ಬಲಗಿವಿ.

ಗಂಡನೊಡನೆ ಪಿಸುಗುಡಲೂ ನಾಚುತ್ತಿದ್ದ ನನಗೆ ಸಿಕ್ಕಿದ್ದು ಕೂಗಿದರೂ ಕೇಳಿಸದ ಗಂಡ. ಮೊದಲ ಬಸಿರಿನ ಸುದ್ದಿಯನ್ನು ಗಿರಣಿಯ ಬಾಗಿಲಲ್ಲಿ ನಿಂತು, ಎಂಜಿನ್ ಸದ್ದಿನ ಮೇಲೆ ಕೂಗಿ ಹೇಳಿದೆ. ಅವರು "ಆಂ?" ಅಂದರು. ಜೋಳದ ಬುಟ್ಟಿ ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರಿಗೆಲ್ಲ ಸ್ಪಷ್ಟವಾಗಿ ಕೇಳಿಸಿತು. ಅವರಲ್ಲೊಬ್ಬ ಮುದುಕಿ ಮುಂದೆ ಹೋಗಿ, ಯಜಮಾನರ ಕಿವಿಗೆ ಬಾಯಿಟ್ಟು, "ಏ ತಮ್ಮಾ, ನೀ ಅಪ್ಪ ಆಗ್ಲಾಕತ್ತಿದಿ ಅಂತೋ!" ಎಂದು ಒದರಿದಳು. ಊರಿಗೆಲ್ಲ ತಿಳಿದ ಮೇಲೆ ಗಂಡನಿಗೆ ತಿಳಿಯಿತು.

ನಕ್ಕಿರಾ? ನಗಿ. ನಾನೂ ಈಗ ನಗುತ್ತೇನೆ. ಆದರೆ ಕೊನೆಗೆ ಅವರು ಆಸ್ಪತ್ರೆಯಲ್ಲಿ ಮಲಗಿದ್ದಾಗ ಒಂದು ಮಾತು ಹೇಳಬೇಕೆನಿಸಿತು. ಅಕ್ಕಪಕ್ಕದ ಮಂಚಗಳಲ್ಲಿ ಬೇರೆ ರೋಗಿಗಳು. ಅದು ಕೂಗಿ ಹೇಳುವ ಮಾತಾಗಿರಲಿಲ್ಲ. ಹೇಳದೇ ಉಳಿಯಿತು.

ಅಂಗಡಿಯಲ್ಲಿ ನಾನು ಹೇಳಿದೆ: "ಸಂಜೂ, ನಂದೊಂದು ಶರ್ತ ಅದ. ನಾ ಬಾಗಲದಾಗ ನಿಂತು ಕರಿತೀನಿ. ಯಾವುದು ಹಾಕ್ಕೊಂಡಾಗ ನೀ ತಿರುಗಿ ನೋಡ್ತಿ, ಅದು ನಿಂದು."

"ಇಷ್ಟೇನಾ!" ಎಂದು ನಕ್ಕು ಬೆನ್ನು ತಿರುಗಿಸಿ ನಿಂತ.

ನನ್ನ ಎಂದಿನ ದನಿಯಲ್ಲಿ ಕರೆದೆ. ಮೂರನೆಯದರಲ್ಲಿ ತಿರುಗಲಿಲ್ಲ. ಎರಡನೆಯದರಲ್ಲೂ ಇಲ್ಲ, ಮೊದಲನೆಯದರಲ್ಲೂ ಇಲ್ಲ. ಚಾಚಾ ನಗುತ್ತ ಅವನ ಕಿವಿಯಿಂದ ಎಲ್ಲವನ್ನೂ ತೆಗೆದು ಕೈಸನ್ನೆ ಮಾಡಿದರು, ಈಗ ಕರೀರಿ ಅಂತ.

"ಸಂಜೂ."

ಬರಿಗಿವಿಯ ಹುಡುಗ ಗೋಡೆಗೆ ತೂಗುಹಾಕಿದ ಮೊಬೈಲ್ ಕವರುಗಳನ್ನು ನೋಡುತ್ತ ನಿಂತೇ ಇದ್ದ.

ಚಾಚಾನ ನಗು ನಿಂತಿತು. "ಅಮ್ಮಾ, ಇವತ್ತು ಏನೂ ಬ್ಯಾಡ್ರಿ. ಮೊದಲ ಕಿವಿ ಡಾಕ್ಟರ್‌ಗೆ ತೋರಸ್ರಿ." ಬಂದ ಗಿರಾಕಿಯನ್ನು ಹೀಗೆ ಯಾರು ಕಳಿಸುತ್ತಾರೆ? ಒಳ್ಳೆಯ ಮನುಷ್ಯ.

ಮರುದಿನ ಕಾಲೋನಿಯ ದವಾಖಾನೆಯಲ್ಲಿ ಪರೀಕ್ಷೆ ಆಯಿತು. ಡಾಕ್ಟರಮ್ಮ ಸುತ್ತು ಬಳಸದೆ ಹೇಳಿದರು: "ಸ್ವಲ್ಪ ಕಮ್ಮಿ ಆಗ್ಯಾದ್ರಿ. ಎಷ್ಟು ತಿರುಗಿ ಬರ್ತದ ಅಂತ ಈಗ ಹೇಳಾಕ ಆಗಲ್ಲ. ಒಂದು ತಿಂಗಳು ಬಿಟ್ಟು ಮತ್ತ ನೋಡೋಣ. ಅಲ್ಲೀತನಕ ಕಿವ್ಯಾಗ ಏನೂ ಹಾಕಬ್ಯಾಡ."

ಆಟೋದಲ್ಲಿ ಸಂಜು ಕೇಳಿದ: "ಆಯಿ, ಮುತ್ಯಾಗ ಕಡೀಗಿ ಏನೂ ಕೇಳಸ್ತಿದ್ದಿಲ್ಲೇನು?"

"ಗಿರಣಿ ಒಂದು ಕೇಳಸ್ತಿತ್ತಪ್ಪ. ಬಂದ್ ಮಾಡಿದ ಮ್ಯಾಗೂ ಗುಂಯ್ ಅಂತಿತ್ತಂತ."

ಅವನು ಹೊರಗೆ ನೋಡುತ್ತ ಹೇಳಿದ: "ನನಗೂ ಮಲಗೋ ಮುಂದ ಹಂಗೇ ಅಂತದ ಆಯಿ."

ನನಗೆ ಸಿಟ್ಟು ಬರುತ್ತದೆ, ಮಕ್ಕಳೇ. ಮುತ್ಯಾ ಕಿವಿ ಕೊಟ್ಟದ್ದು ಹೊಟ್ಟೆಪಾಡಿಗೆ. ಊರಿಗೆಲ್ಲ ರೊಟ್ಟಿಯ ಹಿಟ್ಟು ಸಿಕ್ಕಿತು. ನೀವು ಯಾವುದಕ್ಕೆ ಕೊಡುತ್ತಿದ್ದೀರಿ? ಹಾಡು ಬೇಡ ಎಂದೆನೇ? ಬೇಸ್ ಬೇಡ ಎಂದೆನೇ? ರಬ್ಬರ್ ಸರಿಯಾಗಿ ಕೂರಿಸಿ, ಆವಾಜು ಇಳಿಸಿ ಕೇಳಿದರೆ ಏನು ಕಡಿಮೆಯಾಗುತ್ತದೆ?

ಈ ತಿಂಗಳು ನಾನು ಕಮಲಾಪುರಕ್ಕೆ ಹೋಗುತ್ತಿಲ್ಲ. ದಿನವೂ ಅಡುಗೆಮನೆಯಿಂದ ಮೆಲ್ಲಗೆ ಕರೆಯುತ್ತೇನೆ. ನಿನ್ನೆ ಒಮ್ಮೆ ತಿರುಗಿದ. ಒಮ್ಮೆ ತಿರುಗಲಿಲ್ಲ.

ಗುಂಡಿ ತೆಗೆದು ಹೇಳಿ ನೋಡೋಣ: ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಸಣ್ಣ ದನಿ ಯಾರದು, ನಿನ್ನೆ ಅದು ನಿಮಗೆ ಏನು ಹೇಳಿತು?