ದೀಪ ಹಚ್ಚಿದ ಮೇಲೆ ಉಪ್ಪು

ಬಿ.ಎಸ್ಸಿ. ಮುಗಿಸಿದ ನನ್ನ ಮಗಳನ್ನು ನೋಡಲಿಕ್ಕೆ ರಾಮದುರ್ಗದವರು ಬಂದಿದ್ದರು. ಆಕೆಗೆ ಧಾರವಾಡದಲ್ಲಿ ಮುಂದೆ ಓದುವ ಆಸೆ. ಹುಡುಗನ ತಾಯಿ ನಗುತ್ತ, “ಚುಕ್ಕಿ ಬಗ್ಗೆ ಓದ್ತೀಯಂತಲ್ಲವಾ. ಯಾರೂ ಹೋಗಿ ಬಂದಿಲ್ಲ, ಅದರಾಗ ಏನೈತಿ ಅಂತ ಹೆಂಗ ತಿಳೀತೈತಿ?” ಎಂದಳು.

ಮಗಳಿಗೆ ಹುರುಪು ಬಂತು. “ಬೆಳಕು ಒಡದು ನೋಡ್ತಾರ್ರಿ. ಬಣ್ಣದ ಪಟ್ಟಿಯೊಳಗ ಒಂದೊಂದು ಧಾತುಗೂ ಅದರದ ಗೆರಿ ಇರ್ತಾವು. ಉರಿಗೆ ಉಪ್ಪು ಬಿದ್ದರ ಹಳದಿ ಆಗತೈತಲ್ರಿ, ಸೂರ್ಯನೂ ಒಂದು ಚುಕ್ಕೀನ, ಅವನ ಬೆಳಕಿನ್ಯಾಗ ಅದ ಹಳದಿ ಜಾಗಾದಾಗ ಕರಿ ಗೆರಿ ಅದಾವ್ರಿ. ಅಂದರ ಉಪ್ಪಿನ್ಯಾಗಿನ ಸೋಡಿಯಂ ಅಲ್ಲೂ ಐತಿ, ಅದ ಆ ಹಳದಿ ನುಂಗೈತಿ.”

ನಾನು ಆಗಷ್ಟೇ ದೇವರಿಗೆ ದೀಪ ಹಚ್ಚಿದ್ದೆ. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಉಪ್ಪಿನ ಹೆಸರು ಎತ್ತುವುದು ಅಪಶಕುನ, ರುಚಿ ಅನ್ನುತ್ತೇವೆ. ಮಗಳು ಎರಡು ಸಲ ಅಂದಿದ್ದಳು. ಹುಡುಗನ ತಾಯಿ ಅವಲಕ್ಕಿ ತಾಟು ಕೆಳಗಿಟ್ಟಳು.

“ಚುಕ್ಕಿ ಒಳಗಿಂದು ಗೊತ್ತೈತಿ, ಮನಿ ರೀತಿ ಗೊತ್ತಿಲ್ಲ. ಹಡದಾಕಿ ಏನ್ ಕಲಿಸ್ಯಾಳೊ” ಅಂದವಳೇ ಎದ್ದಳು.

ಮಗಳು ಹೇಳಿದ್ದು ನನಗೆ ಚಂದ ಅನಿಸಿತ್ತು. ಆದರೂ ಅವರು ಹೊಸ್ತಿಲು ದಾಟಿದ ಕೂಡಲೇ ಆಕೆಯ ಕಪಾಳಕ್ಕೆ ಹೊಡೆದೆ. ಯಜಮಾನರು, “ಕಲಿತದ್ದು ಸಾಕಿನ್ನ” ಎಂದು ಧಾರವಾಡದ ಅರ್ಜಿ ಹರಿದು ಬಚ್ಚಲ ಒಲೆಗೆ ಹಾಕಿದರು. ನಾನು ತಡೆಯಲಿಲ್ಲ.

ಅದೇ ವರ್ಷ ಬೈಲಹೊಂಗಲಕ್ಕೆ ಕೊಟ್ಟೆವು. ಎಲ್ಲಮ್ಮನ ದಯೆ, ಅಲ್ಲಿ ಅತ್ತೆ ಹೊಡೆಯುವುದಿಲ್ಲ, ಉಣ್ಣಲಿಕ್ಕೆ ಕಡಿಮೆ ಇಲ್ಲ. ಫೋನ್ ಮಾಡಿದರೆ ಮಗಳು ಎತ್ತುತ್ತಾಳೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾಳೆ. ಅದೂ ನನ್ನ ಪುಣ್ಯವೇ ಅಂದುಕೊಂಡಿದ್ದೇನೆ.